ನೆಟ್ಟಗಾದ ಕಣ್ಣು

ಆ ಬೀದಿಯಲ್ಲಿ ಯಾರ ಮುಖಕ್ಕೂ ಊನವೆಂಬುದಿರಲಿಲ್ಲ, ಫೋಟೋದಲ್ಲಿ ಮಾತ್ರ. ಮೊಡವೆ, ಸುಕ್ಕು, ಉಬ್ಬುಹಲ್ಲು ಎಲ್ಲವನ್ನೂ ಮೂಲೆ ಸ್ಟುಡಿಯೋದ ಟಚಪ್ ತಾತ ಗುಡಿಸಿ ಹಾಕಿದ್ದ. ಅವನು ತೆಗೆದ ಫೋಟೋ ಹಿಡಿದು ಕೆಲಸಕ್ಕೆ ಹೋದವನೊಬ್ಬನನ್ನು ಗೇಟಿನಲ್ಲೇ ನಿಲ್ಲಿಸಿ, ಇದು ನಿನ್ನ ತಮ್ಮನಾ ಎಂದು ಕೇಳಿದ್ದೂ ಉಂಟು.

ಇಂಥವನ ಮೊಮ್ಮಗಳ ಎಡಗಣ್ಣು ಮೂಗಿನ ಕಡೆ ಜಾರತೊಡಗಿತು. ಮೊದಲು ಕಂಡವಳು ಸೊಸೆ. ತುತ್ತು ಬಾಯಿಗಿಡುವಾಗ ಮಗುವಿನ ಒಂದು ಕಣ್ಣು ತನ್ನನ್ನು ನೋಡುತ್ತಿದೆ, ಇನ್ನೊಂದು ಎಲ್ಲೋ ನೋಡುತ್ತಿದೆ. ಅತ್ತೆಗೆ ಹೇಳಿದಳು. ಮಕ್ಕಳ ಕಣ್ಣು ಹಾಗೇ, ಬೆಳೆಯುತ್ತ ಬೆಳೆಯುತ್ತ ಸರಿಹೋಗುತ್ತದೆ ಎಂದು ಅತ್ತೆ ತಳ್ಳಿಹಾಕಿದಳು. ಗಂಡ, ಬಸ್ಸು ಓಡಿಸುವವನು, ಅಪ್ಪನನ್ನು ಕೇಳು, ಮುಖದ ವಿಚಾರ ಅವರಿಗಿಂತ ಯಾರಿಗೆ ಗೊತ್ತು ಎಂದ.

ತಾತನಿಗೂ ಕಂಡಿತ್ತು. ಮಗುವಿನ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಕಣ್ಣು ಮೂಗಿನ ಕಡೆ ಸರಿದದ್ದು ಎದ್ದು ಕಾಣುತ್ತಿತ್ತು. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಆದರೆ ಮನಸ್ಸು ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿತ್ತು: ಕಣ್ಣನ್ನು ನೆಟ್ಟಗೆ ಮಾಡಿತು, ಕಣ್ಣಗುಡ್ಡೆಯಲ್ಲಿ ಪಕ್ಕಕ್ಕೆ ಸರಿದಿದ್ದ ಫ್ಲ್ಯಾಶಿನ ಬೆಳಕಿನ ಚುಕ್ಕೆಯನ್ನು ನಡುವೆ ತಂದು ಕೂರಿಸಿತು, ಮೂಲ ಚಿತ್ರವನ್ನು ಅಳಿಸಿತು. ಮೂಲ ಉಳಿದರೆ ಗಿರಾಕಿ ಎಂದೋ ನೋಡಿ ಜಗಳಕ್ಕೆ ಬರುತ್ತಾನೆ. ಅದು ಸ್ಟುಡಿಯೋದ ಕಾನೂನು. ಆಮೇಲೆ ಫೋಟೋಗೆ ಕಟ್ಟು ಹಾಕಿಸಿ ಸೊಸೆಯ ಮುಂದೆ ಹಿಡಿದು, ಎಲ್ಲಿದೆಯಮ್ಮ ನೀನು ಹೇಳೋ ಮೆಳ್ಳೆಗಣ್ಣು ಎಂದು ಕೇಳಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ. ಕೆಲಸ ಅಷ್ಟು ಚೆನ್ನಾಗಿ ಬಂದಿತ್ತು.

ಸೊಸೆ ಬಾಯಿ ತೆಗೆದಾಗಲೆಲ್ಲ ಒಂದು ಹೊಸ ಫೋಟೋ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎಂದು ಅತ್ತೆ ಗೋಡೆಯ ಮೇಲಿನ ಫೋಟೋಗಳನ್ನು ತೋರಿಸಿ ಬುದ್ಧಿ ಹೇಳಿದಳು. ಕೊನೆಗೆ ದೋಷ ಸೊಸೆಯ ಕಣ್ಣಿನಲ್ಲೇ ಇದೆಯೆಂದು ಮನೆಯವರೆಲ್ಲ ತೀರ್ಮಾನಿಸಿ, ಅವಳನ್ನೇ ಕರೆದೊಯ್ದು ಕನ್ನಡಕ ಹಾಕಿಸಿದರು. ಪಾಪ, ಕನ್ನಡಕ ಹಾಕಿದ ಮೇಲೆ ಮೆಳ್ಳೆಗಣ್ಣು ಇನ್ನೂ ಸ್ಪಷ್ಟವಾಗಿ ಕಂಡಿತು. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಮಗು ಶಿಶುವಿಹಾರಕ್ಕೆ ಸೇರಿತು. ಲೋಟಕ್ಕೆ ಕೈ ಹಾಕಿದರೆ ಲೋಟದ ಪಕ್ಕಕ್ಕೆ ಹೋಗುತ್ತಿತ್ತು. ನೀರು ಚೆಲ್ಲಿ ಎಡವಟ್ಟು ಎನಿಸಿಕೊಂಡಿತು. ಒಂದು ದಿನ ಆಟದಲ್ಲಿ ಟೀಚರು ಅದರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ್ದೇ ತಡ, ಕಿರುಚಿಕೊಂಡಿತು. ಎಡಗಣ್ಣು ಮುಚ್ಚಿದರೆ ಸುಮ್ಮನಿತ್ತು. ಟೀಚರು ಇದನ್ನು ತಾಯಿಗೆ ಹೇಳಿದರು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಳು. ಸೊಸೆಯ ಮಾತು ಕೇಳಿ ಡಾಕ್ಟರು ದಾರಿ ತಪ್ಪಬಾರದಲ್ಲ, ತಾತ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದ.

ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು, ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಮೆಳ್ಳೆಗಣ್ಣು ಹೌದು ಎಂದರು. ಎಂದಿನಿಂದ ಎಂಬುದು ಮುಖ್ಯ. ಹಳೆಯದಾದರೆ ಎಡಗಣ್ಣು ನೋಡುವ ಕೆಲಸ ಬಿಟ್ಟು ಸೋಮಾರಿಯಾಗಿದೆ ಎಂದರ್ಥ. ಕನ್ನಡಕ ಹಾಕಿ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ, ಇದಕ್ಕೆ ಕೆಲಸ ಕಲಿಸಬೇಕು. ಬೇಕಾದರೆ ಮುಂದೆ ಆಪರೇಷನ್. ಏಕಾಏಕಿ ಬಂದದ್ದಾದರೆ ತಲೆಯೊಳಗೇನೋ ಇರಬಹುದು. ಮಗುವಿಗೆ ಮತ್ತಿನ ಮದ್ದು ಕೊಟ್ಟು ಸ್ಕ್ಯಾನ್ ಮಾಡಿಸಬೇಕು. ಹಳೆಯ ಫೋಟೋ ಇವೆಯೇ ಎಂದು ಕೇಳಿದರು.

ತಾತ ಆಲ್ಬಮ್ ಕೊಟ್ಟ. ಡಾಕ್ಟರಮ್ಮ ಹಾಳೆ ಹಾಳೆಯನ್ನೂ ಭೂತಗನ್ನಡಿ ಹಿಡಿದು ನೋಡಿದರು. ಪ್ರತಿ ಕಣ್ಣಿನಲ್ಲೂ ಬೆಳಕಿನ ಚುಕ್ಕೆ ನಟ್ಟನಡುವೆ ಕೂತಿತ್ತು.

"ಇದರ ಪ್ರಕಾರ ಹೋದ ತಿಂಗಳವರೆಗೂ ಕಣ್ಣು ಸರಿಯಾಗೇ ಇದೆ. ಇವತ್ತೇ ಸ್ಕ್ಯಾನಿಗೆ ಬರೀತೀನಿ."

"ಇಲ್ಲ ಡಾಕ್ಟ್ರೇ, ಒಂದೂವರೆ ವರ್ಷದಿಂದ ಹೀಗೇ ಇದೆ," ಎಂದಳು ಸೊಸೆ.

ಡಾಕ್ಟರಮ್ಮ ಅವಳ ದಪ್ಪ ಕನ್ನಡಕ ನೋಡಿದರು, ಫೋಟೋ ನೋಡಿದರು, ಪೆನ್ನು ತೆಗೆದರು. ಫೋಟೋ ಎದುರಿಗಿರುವಾಗ ತಾಯಿಯ ಮಾತನ್ನು ಯಾರು ನಂಬುತ್ತಾರೆ? ಏನೂ ತಿಳಿಯದ ಕೂಸಿಗೆ ಮತ್ತಿನ ಸೂಜಿ ಚುಚ್ಚುವುದು ತಾತನ ಕಣ್ಣಿಗೆ ಕಟ್ಟಿತು.

"ಅವಳು ಹೇಳೋದೇ ನಿಜ. ಅಷ್ಟೂ ಫೋಟೋದಲ್ಲಿ ಕಣ್ಣು ನೆಟ್ಟಗೆ ಮಾಡಿದ್ದು ನಾನು."

ಡಾಕ್ಟರಮ್ಮ ಮತ್ತೊಮ್ಮೆ ಭೂತಗನ್ನಡಿ ಹಿಡಿದರು. ತಮಗೆ ಒಂದಿಷ್ಟೂ ಗೊತ್ತಾಗಲಿಲ್ಲ, ಬಹಳ ಚೆನ್ನಾಗಿ ಮಾಡಿದ್ದೀರಿ ಎಂದರು. ಇಷ್ಟು ವರ್ಷದ ಕಸುಬಿನಲ್ಲಿ ಬಲ್ಲವರೊಬ್ಬರ ಬಾಯಿಂದ ಅಂಥ ಹೊಗಳಿಕೆ ಅವನಿಗೆ ಸಿಕ್ಕಿರಲಿಲ್ಲ. ನೆಲ ಬಾಯ್ಬಿಟ್ಟರೆ ಸಾಕು ಎನಿಸಿತು. ಸೊಸೆ ಅವನತ್ತ ತಿರುಗಿಯೂ ನೋಡಲಿಲ್ಲ.

ಹನಿ ಹಾಕಿ ಕಣ್ಣಿನ ಒಳಭಾಗವನ್ನೂ ಪರೀಕ್ಷಿಸಿ, ಗಾಬರಿಪಡುವಂಥದ್ದೇನಿಲ್ಲ, ಸ್ಕ್ಯಾನ್ ಬೇಡ, ಆದರೆ ಮೊದಲೇ ಬಂದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು ಎಂದರು ಡಾಕ್ಟರಮ್ಮ. ಮಗುವಿನ ಬಲಗಣ್ಣಿಗೆ ಪಟ್ಟಿ ಅಂಟಿಸಿದರು. ಅದು ಕಿತ್ತೊಗೆಯಲು ಹೋಯಿತು, ಅಮ್ಮ ಕೈ ಹಿಡಿದಳು. ಸಮಾಧಾನ ಮಾಡೋಣವೆಂದು ತಾತ ಕೋಣೆಯ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನಕ್ಕ. ಎಡಗಣ್ಣು ಅವನ ಮುಖದ ಮೇಲೆ ಹಾದು, ಬಾಗಿಲವರೆಗೆ ಹೋಗಿ, ಮತ್ತೆ ಅವನ ಮೇಲೇ ಹಾದು ಬಂತು. ಎಲ್ಲೂ ನಿಲ್ಲಲಿಲ್ಲ.

"ಅಮ್ಮಾ, ತಾತ ಮನೆಗೆ ಹೋದ್ನಾ?"

"ಇಲ್ಲೇ ಇದಾರೆ ಕಂದಾ. ಹತ್ರ ಹೋಗಿ ನೋಡು."

ಮಗು ಕೈ ಮುಂದೆ ಚಾಚಿಕೊಂಡು ಹೊರಟಿತು. ತಾತ ಮಂಡಿಯೂರಿ ಮುಂದೆ ಸರಿದು ಆ ಕೈಗಳಿಗೆ ತನ್ನ ಮುಖವೊಡ್ಡಿದ.