ಧೂಳಿನ ಚೀಲ

ಚೀಲ ಮತ್ತೆ ತುಂಬಿತ್ತು. ಅವನು ಉಸಿರು ಬಿಗಿಹಿಡಿದು ಅದನ್ನು ಹಳೆಯ ಪತ್ರಿಕೆಯ ಮೇಲೆ ಕೊಡವಿದ. ಬೂದುಬಣ್ಣದ ಮುದ್ದೆಯೊಂದು ಸತ್ತ ಇಲಿಯಂತೆ ಮೆತ್ತಗೆ ಬಿತ್ತು.

ಬೆಳಿಗ್ಗೆಯಿಂದ ಇದೇ ಕೆಲಸ. ಮಗುವಿಗೆ ಉಬ್ಬಸ. ಹಜಾರದ ಕಾರ್ಪೆಟ್ಟೇ ಕಾರಣವೆಂದು ಡಾಕ್ಟರು ಹೇಳಿದ ದಿನವೇ ಹೆಂಡತಿ ಮಗುವನ್ನೆತ್ತಿಕೊಂಡು ತವರಿಗೆ ಹೋಗಿದ್ದಳು. ಕಾರ್ಪೆಟ್ಟನ್ನು ಬಿಸಾಡಿ ಎಂದಿದ್ದಳು. ಅದು ಹೋದ ವರ್ಷ ತೀರಿಕೊಂಡ ಅವನ ತಾಯಿಯದು. ಕೊನೆಯ ದಿನಗಳಲ್ಲಿ ಅದರ ಮೇಲೆಯೇ ಕೂತು ಅವಳು ದೇವರ ನಾಮ ಹೇಳುತ್ತಿದ್ದಳು. ಬಿಸಾಡಲಾರೆ, ಚೊಕ್ಕ ಮಾಡುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಈ ಸಂಜೆ ಹೆಂಡತಿ ಬಂದು ನೋಡುವವಳು. ಒಪ್ಪಿಗೆಯಾದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಇದನ್ನು ಅವಳು ಜಗಳವಾಡದೆ ಹೇಳಿದ್ದಳು. ಅವನಿಗೆ ಭಯವಾದದ್ದು ಅದಕ್ಕೇ.

ವ್ಯಾಕ್ಯೂಮ್ ಕ್ಲೀನರ್ ಬಾಮೈದನದು. ಬೆಳಿಗ್ಗೆ ತಂದಿಟ್ಟು, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ಭಾವನಿಗೆ ನಗುತ್ತಲೇ ಪಾಠ ಹೇಳಿ ಹೋಗಿದ್ದ. ಕಸ ಗುಡಿಸಿದಂತೆ ಅವಸರ ಮಾಡಬಾರದು. ನಿಧಾನವಾಗಿ ಎಳೆಯಬೇಕು, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಆಮೇಲೆ ಮಗುಚಿ ಹಾಕಿ ಬೆನ್ನಿನ ಮೇಲೆ ಆಡಿಸಬೇಕು. ಬುಡದಲ್ಲಿ ಕೂತದ್ದು ಆಗ ನೆಲಕ್ಕೆ ಉದುರುತ್ತದೆ.

ಉದುರಿತ್ತು. ಹಿಟ್ಟಿನಷ್ಟು ನಯವಾದ ಹುಡಿ. ಕಾಲ್ಬೆರಳ ಸಂದಿಗೆ ಮೆತ್ತಿಕೊಂಡಿತು, ಹಲ್ಲಿಗೆ ಸಿಕ್ಕಿತು. ಇದರ ಮೇಲೆ ಕೆನ್ನೆಯೊರಗಿಸಿ ಎಷ್ಟು ಪುಸ್ತಕ ಓದಿದೆ ಎಂದುಕೊಂಡ.

ಮಧ್ಯಾಹ್ನ ಬಾಮೈದ ಫೋನ್ ಮಾಡಿದ.

“ಏನ್ ಭಾವ, ಇದೀರಾ? ಇಲ್ಲ ನಿಮ್ಮನ್ನೂ ಒಳಗೆ ಎಳ್ಕೊಂಡ್ಬಿಡ್ತಾ?”

“ಮುಗೀತಾನೇ ಇಲ್ಲ ಕಣೋ. ಎಲ್ಲಿಂದ ಬರುತ್ತೆ ಇಷ್ಟು?”

“ಹೊರಗಿಂದ ಬರೋದು ಸ್ವಲ್ಪವೇ. ಮಿಕ್ಕಿದ್ದು ನಮ್ಮ ಮೈಯಿಂದಲೇ ಉದುರೋದು. ಚರ್ಮ ಭಾವ, ಚರ್ಮ. ಅದನ್ನ ತಿನ್ನೋಕೆ ಹುಳ ಬೇರೆ.”

ಅವನು ಬಾಯಿ ಒರೆಸಿಕೊಂಡ. “ನಿಮ್ಮಕ್ಕ ಹೊರಟಳಾ?”

“ಹೊರಟಿದಾಳೆ.” ಬಾಮೈದ ದನಿ ತಗ್ಗಿಸಿದ. “ಬಟ್ಟೆಬರೆ ಏನೂ ತಗೊಂಡ ಹಾಗೆ ಕಾಣ್ಲಿಲ್ಲ.”

ಫೋನಿಟ್ಟ ಮೇಲೆ ಅವನು ಪತ್ರಿಕೆಯ ಮೇಲಿನ ಮುದ್ದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಾಗಾದರೆ ಇದರಲ್ಲಿ ಅಮ್ಮನೂ ಇದ್ದಾಳೆ. ಸುಟ್ಟ ಮೇಲೂ ಉಳಿದ ಅಮ್ಮ. ಅಳು ಬರಬೇಕಿತ್ತು, ಅದಕ್ಕಾಗಿ ಮರ್ಯಾದೆಯಿಂದ ಕಾದ. ಬಂದದ್ದು ಸೀನು. ಮುದ್ದೆ ಹಾರಿ ಮುಖಕ್ಕೆ ಬಡಿಯಿತು. ಅವನು ಬಚ್ಚಲಿಗೆ ಓಡಿ ವಾಂತಿ ಮಾಡಿದ. ಹೆತ್ತವಳ ಮೇಲೆ ಹೇಸಿಗೆ ಪಟ್ಟೆನಲ್ಲ ಎಂದು ತನ್ನ ಮೇಲೆ ಹೇಸಿಗೆಯಾಯಿತು. ದೇವರೇ ಎಂದ. ಆ ಮಾತೂ ಬಾಯಲ್ಲಿ ಮಣ್ಣುಮಣ್ಣಾಗಿತ್ತು.

ಸಂಜೆಯ ಹೊತ್ತಿಗೆ ಕಾರ್ಪೆಟ್ಟು ಚೊಕ್ಕವಾಯಿತು. ಎಷ್ಟು ಎಳೆದರೂ ಚೀಲಕ್ಕೆ ಏನೂ ಬರಲಿಲ್ಲ. ಎಂದೋ ಮಾಸಿದ್ದ ಕೆಂಪು ಮೇಲೆದ್ದು, ಎಳೆಗಳೆಲ್ಲ ಬಾಚಿದ ತಲೆಯಂತೆ ಒಂದೇ ಕಡೆ ಮಲಗಿದ್ದವು. ಅದರ ನಡುವೆ ಅವನು ನಿಂತಿದ್ದ. ಈಗ ಈ ಮನೆಯಲ್ಲಿ ಉದುರುವ ವಸ್ತು ತಾನೊಬ್ಬನೇ ಎಂಬುದು ತರ್ಕಕ್ಕೆ ಸರಿಯಾಗಿಯೇ ಇತ್ತು.

ಬ್ರಷ್ ಕಳಚಿ, ಬರಿಯ ಕೊಳವೆಯ ಬಾಯನ್ನು ಮುಂಗೈಗೆ ಒತ್ತಿದ. ಚರ್ಮ ಉಬ್ಬಿ ಒಳಗೆ ಹೋಯಿತು. ನೋವೇನೂ ಆಗಲಿಲ್ಲ.

ಬಾಗಿಲು ತೆರೆದೇ ಇತ್ತು. ಹೆಂಡತಿ ಹೊಸ್ತಿಲಾಚೆ ನಿಂತಿದ್ದಳು, ಮಗುವಿನ ಮೂಗಿಗೆ ಅಂಗೈ ಅಡ್ಡ ಹಿಡಿದು. ಆಯ್ತಾ ಎಂದು ಕೇಳಿದಳೋ ಏನೋ, ಯಂತ್ರದ ಗದ್ದಲದಲ್ಲಿ ತುಟಿ ಮಾತ್ರ ಅಲುಗಿತು. ಮಗು ಅವನತ್ತ ಎರಡೂ ಕೈ ಚಾಚಿತು.

ಇನ್ನು ಸ್ವಲ್ಪವೇ ಎಂದು ಅವನು ಸನ್ನೆ ಮಾಡಿ, ಕೊಳವೆಯನ್ನು ಕೊರಳ ಕಡೆಗೆ ಏರಿಸಿದ.