ಯಾರಿಗೂ ಹೇಳಬಾರದ ನಂಬರು

ವೆಂಕಮ್ಮ ದೇವದುರ್ಗದ ತನ್ನ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಗಂಡ ಹಂಪಯ್ಯ ಬಸ್ ಕಂಡಕ್ಟರ್. ಅಂದು ಮಾನ್ವಿ ಬಸ್ಸಿನ ಡ್ಯೂಟಿ. ಬೆಳಗಿನ ಗಡಿಬಿಡಿಯಲ್ಲಿ ಫೋನನ್ನು ಚಾರ್ಜಿಗೆ ಹಾಕಿದಲ್ಲೇ ಮರೆತು ಹೋಗಿದ್ದ. ಹತ್ತೂವರೆಗೆ ಅದು ರಿಂಗಾಯಿತು. ಗೊತ್ತಿಲ್ಲದ ನಂಬರು.

“ಹಂಪಯ್ಯನೋರ ಮನಿಯವರೇನ್ರಿ? ನಾನು ಮಾನ್ವಿ ಸರ್ಕಾರಿ ದವಾಖಾನಿಯಿಂದ ನರ್ಸ್ ಜೈಬುನ್ನೀಸಾ ಮಾತಾಡಾಕತ್ತೀನಿ. ಗಾಬರಿ ಆಗಬ್ಯಾಡ್ರಿ ಯವ್ವಾ. ನಿಮ್ಮ ಯಜಮಾನ್ರಿಗಿ ಬಸ್ನಾಗ ಎದಿನೋವು ಬಂದು ಡ್ರೈವರ್ ಇಲ್ಲಿಗಿ ಕರಕೊಂಡು ಬಂದಾರ. ಈಗ ಈ ಫೋನಿಗಿ ಒಂದು ಓಟಿಪಿ ಬರ್ತದ. ಲಗೂನ ಹೇಳ್ರಿ.”

ವೆಂಕಮ್ಮನ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. ಆದರೆ ಓಟಿಪಿ ಎಂಬ ಮಾತು ಕೇಳಿದ್ದೇ ಮನಸ್ಸು ಬಿಗಿಯಾಯಿತು. ಹೋದ ತಿಂಗಳು ಓಣಿಯ ಬಸವಲಿಂಗ ಮಾಸ್ತರರಿಗೆ, ಮಗನಿಗೆ ಅಪಘಾತವಾಗಿದೆ ಎಂದು ಹೀಗೇ ಫೋನ್ ಬಂದಿತ್ತು. ಅವರು ನಂಬರು ಹೇಳಿದ್ದೇ ತಡ, ಬ್ಯಾಂಕಿನ ಖಾತೆ ಬರಿದಾಗಿತ್ತು. ಅಂದು ಸಂಜೆ ಹಂಪಯ್ಯ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, “ನಾ ಸತ್ತೀನಿ ಅಂದ್ರೂ ಯಾರಿಗೂ ನಂಬರ್ ಹೇಳಬ್ಯಾಡ” ಎಂದು ಪಾಠ ಮಾಡಿದ್ದ.

“ಎದಿನೋವಿಗಿ ನಂಬರ್ ಯಾಕ ಬೇಕ್ರಿ? ಔಷಧ ಕೊಡ್ರಿ,” ಎಂದಳು.

“ಔಷಧಕ್ಕೇ ಬೇಕವ್ವಾ. ಇಸಿಜಿ ತೆಗೆದು ರಾಯಚೂರಿನ ಹೃದಯದ ಡಾಕ್ಟ್ರಿಗಿ ಕಳಿಸೀವಿ, ಅವರು ಕಂಪ್ಯೂಟರಿನಾಗ ನೋಡಾಕತ್ತಾರ. ಅದರಾಗ ಒಂದು ವ್ಯತ್ಯಾಸ ಅದ. ಇವತ್ತು ಹೊಸದಾಗಿ ಆಗಿದ್ರ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕು. ಹಳೇದಿದ್ರ ಅವಸರ ಮಾಡೋ ಹಂಗಿಲ್ಲ, ಅದರಿಂದ ರಕ್ತ ಸೋರೋ ಅಪಾಯ ಇರ್ತದ. ಎರಡು ವರ್ಷದ ಹಿಂದ ದೇವದುರ್ಗದ ಆರೋಗ್ಯ ಕ್ಯಾಂಪಿನಾಗ ಇಸಿಜಿ ತೆಗಿಸಿದ್ದೆ ಅಂತ ಅವರೇ ಹೇಳಿದ್ರು. ಅದು ಕ್ಲೌಡ್‌ನಾಗ ಇರ್ತದ್ರಿ. ಅಲ್ಲಿ ಹಾಕಿದ್ದನ್ನ ಇಲ್ಲಿ ತೆಗೀಬಹುದು. ಆದ್ರ ಅವರ ಒಪ್ಪಿಗಿ ಬೇಕು. ಆ ನಂಬರ್ ಹೇಳಿದ್ರ ಒಪ್ಪಿಗಿ ಕೊಟ್ಟಂಗ.”

ರಕ್ತ ಎಂದ ಕೂಡಲೇ ವೆಂಕಮ್ಮನ ಕಣ್ಣ ಮುಂದೆ ಹೋದ ವರ್ಷದ ದಿನವೊಂದು ಬಂದು ನಿಂತಿತು. ಹೊಟ್ಟೆಹುಣ್ಣಾಗಿ ಹಂಪಯ್ಯ ರಕ್ತ ಕಾರಿಕೊಂಡಿದ್ದ. ಅಷ್ಟರಲ್ಲಿ ಕಿವಿಯ ಹತ್ತಿರವೇ ಫೋನು ಟಿಣ್ ಎಂದಿತು. ಆರು ಅಂಕಿ. ಅವಳು ಕರೆ ಕತ್ತರಿಸಿ, ಗಂಡನ ಜೋಡಿ ಡ್ಯೂಟಿ ಮಾಡುವ ಡ್ರೈವರ್ ಜಿಲಾನಿ ಪಾಷಾನಿಗೆ ಫೋನ್ ಹಚ್ಚಿದಳು. ಮೂರು ಸಲ ಹಚ್ಚಿದರೂ ಎತ್ತಲಿಲ್ಲ.

ಮತ್ತೆ ಅದೇ ಕರೆ ಬಂತು. “ಯವ್ವಾ, ಟೈಮ್ ಮುಗೀತು. ಇನ್ನೊಂದು ನಂಬರ್ ಕಳಿಸೀವಿ.”

“ಮೊದಲು ಅವರ ಕೈಯಾಗ ಫೋನ್ ಕೊಡ್ರಿ.”

“ಮುಖಕ್ಕ ಆಕ್ಸಿಜನ್ ಹಾಕೀವಿ. ಮಾತಾಡಿಸಬ್ಯಾಡ್ರಿ ಅಂತ ಡಾಕ್ಟ್ರು ಅಂದಾರ.”

ಹೀಗೇ ಅನ್ನುತ್ತಾರೆ, ಮೋಸ ಮಾಡುವವರೆಲ್ಲ ಹೀಗೇ ಅನ್ನುತ್ತಾರೆ. ವೆಂಕಮ್ಮನ ಕಣ್ಣು ಹೊಲಿಗೆ ಯಂತ್ರದ ಮೇಲೆ ಬಿತ್ತು.

“ಹಂಗಾರ ಅವರ ಅಂಗಿ ನೋಡ್ರಿ. ಒಂದು ಗುಂಡಿ ಬ್ಯಾರೆ ಅದ. ಯಾವುದು ಹೇಳ್ರಿ.”

ಆ ಕಡೆಯ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಚಪ್ಪಲಿ ಸಪ್ಪಳ ದೂರ ಹೋಗಿ ಹತ್ತಿರ ಬಂತು. “ಅಂಗಿ ಬಿಚ್ಚಿ ಕುರ್ಚಿ ಮ್ಯಾಗ ಇಟ್ಟಿದ್ವಿ. ಮ್ಯಾಲಿಂದ ಮೂರನೇದು ಬಿಳಿ ಗುಂಡಿ. ಕೆಂಪು ದಾರದಾಗ ಹೊಲದೀರಿ.”

ಅದು ವೆಂಕಮ್ಮನೇ ಹೊಲಿದ ಗುಂಡಿ. ಇದು ಮೋಸವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಹೊಸ ನಂಬರಿನ ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿದಳು. “ಹ್ವಾದ ವರ್ಷ ರಕ್ತ ವಾಂತಿ ಆಗಿತ್ರಿ ಅವರಿಗಿ. ಡಾಕ್ಟ್ರಿಗಿ ಹೇಳ್ರಿ, ಮರೀಬ್ಯಾಡ್ರಿ,” ಎಂದಳು.

ಬಾಗಿಲಿಗೆ ಬೀಗ ಹಾಕಿ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹತ್ತಿ ಕೂರುವಷ್ಟರಲ್ಲಿ ಫೋನ್ ಬಂತು.

“ಸಿಕ್ತವ್ವಾ!” ಜೈಬುನ್ನೀಸಾಳ ದನಿಯಲ್ಲಿ ನಗುವಿತ್ತು. “ಎರಡೂ ಇಸಿಜಿ ಪಕ್ಕಪಕ್ಕ ಇಟ್ಟು ನೋಡಿದ್ರು. ಒಂದೇ ನಮೂನಿ ಅವ. ಹಳೇದು. ಇಂಜೆಕ್ಷನ್ ಬ್ಯಾಡ ಅಂದ್ರು. ರಕ್ತದ ಟೆಸ್ಟೂ ಚಲೋ ಬಂದದ. ಮೂರು ತಾಸು ಬಿಟ್ಟು ಇನ್ನೊಮ್ಮೆ ಮಾಡ್ತೀವಿ. ನೀವು ಸಾವಕಾಶ ಬರ್ರಿ.”

ವೆಂಕಮ್ಮ ಫೋನನ್ನು ಮಡಿಲಲ್ಲಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದಲ್ಲಿದ್ದ ಮುದುಕಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಮಾನ್ವಿ ದವಾಖಾನೆಯ ಬಾಗಿಲಲ್ಲೇ ಜಿಲಾನಿ ಪಾಷಾ ನಿಂತಿದ್ದ. “ತಪ್ಪಾತು ಅಕ್ಕಾ. ಮಂದೀನ ಇನ್ನೊಂದು ಬಸ್ಸಿಗಿ ಹತ್ತಿಸಾಕತ್ತಿದ್ದೆ, ಫೋನ್ ಸೀಟಿನಾಗ ಇತ್ತು,” ಎಂದ. ಊರೊಳಗೆ ಎಲ್ಲೂ ನಿಲ್ಲಿಸದೆ, ಪ್ರಯಾಣಿಕರ ಸಮೇತ ಬಸ್ಸನ್ನು ನೇರ ಇಲ್ಲಿಗೇ ತಂದಿದ್ದನಂತೆ.

ಮೂರು ತಾಸಿನ ಮೇಲೆ ಮಾಡಿದ ಎರಡನೇ ರಕ್ತದ ಟೆಸ್ಟೂ ಚಲೋ ಬಂತು. ರಾಯಚೂರಿನ ಹೃದಯದ ಡಾಕ್ಟರ್ ಶೈಲಜಾ ಕಂಪ್ಯೂಟರ್ ಪರದೆಯ ಮೇಲೆ ಕಾಣಿಸಿಕೊಂಡರು.

“ಹಾರ್ಟ್ ಅಟ್ಯಾಕ್ ಅಲ್ಲಮ್ಮಾ. ಹಳೇ ಹುಣ್ಣಿನ ಉರಿ ಇದ್ದಂಗ ಅದ. ಇವತ್ತು ಅಲ್ಲೇ ಇರಲಿ, ನಾಳಿ ರಾಯಚೂರಿಗಿ ಕರಕೊಂಡು ಬರ್ರಿ, ಹೃದಯದ ಸ್ಕ್ಯಾನ್ ಮಾಡೋಣ. ಎರಡು ವರ್ಷದ ಹಿಂದೇ ಸ್ಕ್ಯಾನಿಗಿ ಬರ್ರಿ ಅಂತ ಕ್ಯಾಂಪಿನವರು ಬರೆದಾರ, ಬಂದೇ ಇಲ್ಲ ಇವರು.”

ವೆಂಕಮ್ಮ ಗಂಡನ ಕಡೆ ತಿರುಗಿದಳು. ಅವನು ಗೋಡೆ ನೋಡಿದ.

“ಬರ್ತೀವ್ರಿ. ಮೊದಲ ಬಸ್ಸಿಗೇ ಎಳಕೊಂಡು ಬರ್ತೀನಿ,” ಎಂದಳು.

ಪರದೆ ಆರಿದ ಮೇಲೆ ಹಂಪಯ್ಯ ಮೆಲ್ಲಗೆ, “ಮುಂಜಾನಿಯಿಂದ ಏನೂ ತಿಂದಿಲ್ಲ. ಎರಡು ಮಿರ್ಚಿ ಭಜಿ ಸಿಕ್ಕಿದ್ರ...” ಎಂದ. ಜೈಬುನ್ನೀಸಾ ಕಣ್ಣು ದೊಡ್ಡದು ಮಾಡಿದಳು. “ಇಡ್ಲಿ ಕೊಡ್ರಿ ಯವ್ವಾ, ಬರೇ ಇಡ್ಲಿ. ಚಟ್ನಿನೂ ಬ್ಯಾಡ.”

ವೆಂಕಮ್ಮ ನಗುತ್ತಲೇ ಹೊರಗೆ ಬಂದಳು. ಎದುರಿನ ಹೋಟೆಲಿನಲ್ಲಿ ಇಡ್ಲಿಯ ಹಬೆ ಮುಖಕ್ಕೆ ಬಡಿದಾಗಲೇ ತನಗೂ ಹಸಿವಾಗಿದೆ ಎಂಬುದು ಗೊತ್ತಾಯಿತು. “ಒಂದು ಪ್ಲೇಟು ಕಟ್ಟಿ ಕೊಡ್ರಿ,” ಎಂದು ಹೇಳಿ, ಬೆಂಚಿನ ಮೇಲೆ ಕುಳಿತು ತನಗೊಂದು ಪ್ಲೇಟು ಹಾಕಿಸಿಕೊಂಡಳು.