ಗುರುವಾರದ ಲೋಬಾನ

ಕಾಲೇಜಿನಲ್ಲಿ ಗಳಿಗೆಗೊಮ್ಮೆ ಕರೆಂಟು ಕೈಕೊಡುತ್ತಿತ್ತು. ಹೀಗಾಗಿ ಭೌತಶಾಸ್ತ್ರದ ಉಪನ್ಯಾಸಕಿ ನಲಿನಿ ತನ್ನ ಪಿಎಚ್.ಡಿ. ಪ್ರಯೋಗವನ್ನು ರಾಣೆಬೆನ್ನೂರಿನ ಪೇಟೆಯಲ್ಲಿದ್ದ ಇಸ್ಮಾಯಿಲಸಾಬರ ರೇಡಿಯೋ ರಿಪೇರಿ ಅಂಗಡಿಗೆ ಸಾಗಿಸಿದ್ದಳು. ಅಲ್ಲಿ ಬ್ಯಾಟರಿಗಳಿದ್ದವು. ತಾಮ್ರ ಸೇರಿದ ಒಂದು ನೀಲಿ ಪುಡಿಯನ್ನು ಗುಳಿಗೆಯಾಗಿ ಒತ್ತಿ, ಅದರಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆಂದು ಅಳೆಯುವುದು ಅವಳ ಕೆಲಸ.

ವಾರವೆಲ್ಲ ಸಭ್ಯವಾಗಿದ್ದ ಮೀಟರಿನ ಮುಳ್ಳು ಗುರುವಾರ ಸಂಜೆ ಮಾತ್ರ ಹುಚ್ಚೆದ್ದು ಏರುತ್ತಿತ್ತು. ತಂತಿ ಬದಲಿಸಿದಳು, ಗುಳಿಗೆ ಬದಲಿಸಿದಳು, ಮೀಟರಿಗೆ ಹಿಡಿಶಾಪ ಹಾಕಿದಳು. ಕಾರಣ ಮೂಗಿನ ಕೆಳಗೇ ಇದ್ದರೂ ಅದು ತಿಳಿಯಲು ತಿಂಗಳುಗಟ್ಟಲೆ ಬೇಕಾಯಿತು. ಪ್ರತಿ ಗುರುವಾರ ಮುದುಕ ರಹಿಮಾನಸಾಬ ಕೆಂಡದ ಮೇಲೆ ಲೋಬಾನ ಉದುರಿಸಿ, ಅಂಗಡಿಯಿಂದ ಅಂಗಡಿಗೆ ಹೊಗೆ ಕೊಡುತ್ತ ಬರುತ್ತಿದ್ದ. ಆ ಹೊಗೆಯ ಆವಿ ಗುಳಿಗೆಯ ಮೈಗೆ ಅಂಟಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತಿತ್ತು.

"ನಿಮ್ಮ ಹೊಗಿಯಿಂದ ನನ್ನ ಕೆಲಸ ಎಲ್ಲಾ ಹಾಳಾತು! ಇನ್ನ ಒಳಗ ಬರಬ್ಯಾಡ್ರಿ!" ಎಂದು ಅವನ ಮೇಲೆ ಹರಿಹಾಯ್ದಳು. ಮುದುಕ ಕೆಂಡದ ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮುಂದಿನ ಗುರುವಾರ ಸಂಜೆ ಧಾರವಾಡದಿಂದ ಅವಳ ಮಾರ್ಗದರ್ಶಕರು ಅಂಗಡಿಗೇ ಬಂದರು. ಪ್ರಬಂಧ ಸಲ್ಲಿಸುವ ಅವಧಿ ಮುಗಿಯುತ್ತಿತ್ತು, ಅವರು ಒಪ್ಪದಿದ್ದರೆ ಪಿಎಚ್.ಡಿ. ಅಲ್ಲಿಗೇ ಮುಗಿದಂತೆ. ಹಳೆಯ ಅಳತೆಗಳನ್ನು ನೋಡಿ ಅವರು ಕನ್ನಡಕ ತೆಗೆದರು.

"ಇದೇನ ನಲಿನಿ, ಸಂತಿ ಧಾರಣಿ ಏರಿಧಾಂಗ ಏರ್‍ಯಾವು? ನಿಷ್ಕಾಳಜಿ ಇದು."

"ಲೋಬಾನದ ಹೊಗಿ ಸರ್."

"ನೆಪ ಹೇಳಬ್ಯಾಡ. ತೋರಿಸು."

ಹೊರಗೆ ರಹಿಮಾನಸಾಬ ಈ ಅಂಗಡಿಯತ್ತ ಕಣ್ಣೆತ್ತಿಯೂ ನೋಡದೆ ಹೋಗುತ್ತಿದ್ದ. ನಲಿನಿ ಚಪ್ಪಲಿ ಮೆಟ್ಟದೆ ರಸ್ತೆಗೆ ಓಡಿದಳು. ಓಡುವಾಗಲೇ ಅವಳಿಗೆ ವಿಪರೀತ ನಾಚಿಕೆಯಾಗಿತ್ತು.

"ಬಾಬಾ, ಒಳಗ ಬರ್ರಿ."

"ನೀವ ಬ್ಯಾಡಂದಿದ್ರಲ್ಲವಾ?"

"ತಪ್ಪಾತ್ರಿ. ನನಗ ಬೇಕಾಗೇದ, ಬರ್ರಿ."

ಮುದುಕ ಅವಳ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಬಂದ. ಕೈಯಲ್ಲಿದ್ದ ನವಿಲುಗರಿಯಿಂದ ಗುಳಿಗೆಯತ್ತ ಹೊಗೆ ಬೀಸಿದ. ಮುಳ್ಳು ಅಲುಗಿತು, ಏರಿತು, ಏರುತ್ತಲೇ ಹೋಯಿತು. ಕಿಟಕಿ ತೆರೆದು ಹೊಗೆ ಹೋಗಗೊಟ್ಟಾಗ ನಿಧಾನವಾಗಿ ಇಳಿಯಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಮಾರ್ಗದರ್ಶಕರು ಮತ್ತೆ ಹೊಗೆ ಹಾಕಿಸಿದರು. ಮುಳ್ಳು ಮತ್ತೆ ಏರಿತು.

"ಹೊಗಿ ಗುರುತು ಹಿಡಿಯೋ ಪುಡಿ ಇದು! ನಿನ್ನ ಪ್ರಬಂಧ ಇದರೊಳಗ ಐತಿ. ಹೊಗೀನ ಹೊರಗ ಹಾಕಿ ಕುಂತಿದ್ಯಲ್ಲ!" ಎಂದರು.

ನಲಿನಿ ಅತ್ತೇಬಿಟ್ಟಳು. ರಹಿಮಾನಸಾಬ ಗಾಬರಿಯಾಗಿ ಕೆಂಡದ ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದ.

"ಮತ್ತ ಏನರ ಹಾಳಾತೇನವಾ?"